ಹನ್ನೊಂದನೇ ಪ್ರಶ್ನೆ

ಕೂತುಕೋ ಹುಡುಗಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ.
ಇಲ್ಲಿ ಕೂತರೆ ಬಂದರು ಪೂರ್ತಿ ಕಾಣುತ್ತೆ.
ವಾಲ್ಪರೈಸೊದಲ್ಲಿ ಬಡವರಿಗೇ ಸಮುದ್ರ ಚೆನ್ನಾಗಿ ಕಾಣೋದು:
ಮೇಲೆ ಹೋದಷ್ಟೂ ಬಾಡಿಗೆ ಕಮ್ಮಿ, ಮೆಟ್ಟಿಲು ಜಾಸ್ತಿ.

ಏನು ಕೇಳಿದೆ?
'ಈ ಪಟ್ಟಿಯನ್ನು ಕೈಗೆ ಕಟ್ಟಲು ನಿಮ್ಮನ್ನು ಪ್ರೇರೇಪಿಸಿದ್ದು ಏನು?'
ಆರು ಚೌಕ, ಒಂದಕ್ಕೇ ಗುರುತು.
ಬೆಲೆ, ಉಪಯೋಗ, ವೈದ್ಯರ ಮಾತು,
ಬಳಸಲು ಸುಲಭ, ಕಾಯಿಲೆಯ ಭಯ, ಇತರರ ಪ್ರಭಾವ.

ಭಯ ಅಂದರೆ ಬೇಕರಿಯ ಎಲಿಯೊದೋರೊನ ಕೇಳು.
ಅವನ ಪಾಲುದಾರ ಬೆಳಗಿನ ಜಾವ ಒಲೆಯ ಮುಂದೆ ಕುಸಿದ,
ರೊಟ್ಟಿಯ ತಟ್ಟೆ ಕೈಯಲ್ಲೇ ಇತ್ತು.
ಆ ವಾರ ಈ ಗುಡ್ಡದಲ್ಲಿ ಹದಿನಾಲ್ಕು ಜನ ಕೊಂಡರು,
ಕಂತಿನ ಮೇಲೆ.
ಔಷಧಿ ಅಂಗಡಿಯ ಮಿರೆಯಾಗೆ ಭಯವೂ ಇಲ್ಲ ಗಿಯವೂ ಇಲ್ಲ,
ಪಟ್ಟಿಯ ಬಣ್ಣ ಅವಳ ಉಗುರಿಗೆ ಒಪ್ಪುತ್ತೆ, ಅಷ್ಟೆ.
ಬಸ್ಸಿನ ಓಸ್ವಾಲ್ದೊಗೆ ಕಂಪನಿಯವರೇ ಕಟ್ಟಿದರು;
ಅವನು ಬಿಚ್ಚಿ ನಾಯಿಗೆ ಕಟ್ಟಿದ.
ನಾಯಿ ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ ಹಾಕಿ
ಅವನಿಗೆ ವಿಮೆಯಲ್ಲಿ ರಿಯಾಯಿತಿ ತಂದುಕೊಟ್ಟಿತು.
ಇದನ್ನ ಬರೀಬೇಡ.

ನಂದು ಬಿಟ್ಟಿ ಬಂದದ್ದು. ಆಸ್ಪತ್ರೆಯವರು ಹಂಚಿದರು.
ಅಂಗೈ ಹುಣ್ಣಿಗೇ ಕನ್ನಡಿ ಬೇಡ ಅಂತಾರೆ,
ಇನ್ನು ನನ್ನ ಎದೆ ಬಡಿಯೋದನ್ನ ನನಗೆ ಹೇಳೋಕೆ ಇದು ಯಾರು?
ಗುಂಡಿ ಡಬ್ಬಿಗೆ ಹಾಕಿದೆ. ಎಂಟು ತಿಂಗಳು ಅಲ್ಲೇ ಬಿದ್ದಿತ್ತು.

ಆಮೇಲೆ ಅವರೇ ನಡಿಗೆಯ ಸ್ಪರ್ಧೆ ಇಟ್ಟರು.
ಯಾರು ಎಷ್ಟು ನಡೆದರು ಅಂತ ಗೋಡೆಯ ಟಿವಿಯಲ್ಲಿ ಹೆಸರಿನ ಸಾಲು.
ಬಿಪಿ ಮಾತ್ರೆಗೆ ಕಾಯುತ್ತಾ ನಿಂತಿದ್ದೆ, ಕನ್ನಡಕ ಏರಿಸಿ ಓದಿದೆ:
ನೊಲ್ಬೆರ್ತೊ ಅರಾಯ. ೨,೧೧೪.

ನನ್ನ ತಮ್ಮ.
ಕಣಿವೆಯಾಚೆ ಹಸಿರು ತಗಡಿನ ಮನೆ ಕಾಣುತ್ತಲ್ಲ, ಅದೇ.
ಒಂಬತ್ತು ವರ್ಷ ಮಾತಿಲ್ಲ.
ಶುರುವಾದದ್ದು ಅಮ್ಮನ ಗ್ಯಾಸ್ ಒಲೆ ಯಾರಿಗೆ ಅನ್ನೋದರಿಂದ,
ಮುಗಿದದ್ದು ನಾನಾಡಿದ ಒಂದು ಮಾತಿನಿಂದ.
ಒಲೆ ಈಗ ತುಕ್ಕು ಹಿಡಿದು ಯಾವುದೋ ಗುಜರಿಯಲ್ಲಿದೆ.
ಮಾತಿಗೆ ತುಕ್ಕು ಹಿಡಿಯಲ್ಲ.

ಅವತ್ತು ರಾತ್ರಿ ಗುಂಡಿ ಡಬ್ಬಿ ಮಗುಚಿದೆ.

ಆ ಸಾಲು ಫೋನಿಗೂ ಬರುತ್ತೆ, ಗೊತ್ತಾ?
ಹತ್ತೂವರೆಗೆ ಅವನ ಅಂಕಿ ಅಲುಗುತ್ತೆ. ನಲವತ್ತು, ಎಂಬತ್ತು,
ಓ, ರೊಟ್ಟಿಗೆ ಹೊರಟ.
ಭಾನುವಾರ ಮುನ್ನೂರು ದಾಟಲ್ಲ: ಮೊಣಕಾಲು.
ಒಂದು ಶುಕ್ರವಾರ ಹನ್ನೊಂದು ಸಾವಿರ!
ಯಾರ ಹಿಂದೆ ಅಲೆದನೋ, ಈ ವಯಸ್ಸಲ್ಲಿ.
ನಾನು ಅವನಿಗಿಂತ ಚೂರು ಕಮ್ಮಿ ನಡೀತೀನಿ, ಬೇಕೂಂತ.
ನನ್ನ ಹೆಸರು ಅವನ ಹೆಸರಿನ ಕೆಳಗೇ ಬರಬೇಕು.
ಚಿಕ್ಕಂದಿನಲ್ಲಿ ಎರಡಂತಸ್ತಿನ ಮಂಚ,
ಅವನು ಮೇಲೆ, ನಾನು ಕೆಳಗೆ.

ಹೋದ ಆಗಸ್ಟಿನ ಚಳಿಯಲ್ಲಿ ಮೂರು ದಿನ ಸೊನ್ನೆ.
ಮೊದಲ ದಿನ ಬೈದೆ.
ಎರಡನೇ ದಿನ ಕಿಟಕಿಯಲ್ಲೇ ನಿಂತೆ: ಹೊಗೆ ಇಲ್ಲ.
ಮೂರನೇ ದಿನ ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು
ನೂರ ತೊಂಬತ್ತು ಹತ್ತಿದೆ.
ಎದೆ ನೂರ ನಲವತ್ತೊಂದು. ಪಟ್ಟಿ ಗುರುಗುಟ್ಟಿ ಶಭಾಷ್ ಅಂತು.
ಬಾಗಿಲು ತೆಗೆದ. ಮೈಮೇಲೆ ಕಂಬಳಿ, ಬಾಯಲ್ಲಿ ರೊಟ್ಟಿ.
'ಚಾರ್ಜರ್ ಕಳೆದುಹೋಗಿದೆ' ಅಂದ.
ಒಂಬತ್ತು ವರ್ಷದ ಮೇಲೆ, ಅದು.
ನಂದನ್ನ ಚೀಲದಿಂದ ತೆಗೆದು ಹೊಸ್ತಿಲ ಮೇಲಿಟ್ಟು ಬಂದೆ.
ಅದು ಯಾಕೆ ಚೀಲದಲ್ಲಿತ್ತು ಅಂತ ಕೇಳಬೇಡ.

ಈಗ ಇಬ್ಬರಿಗೂ ಒಂದೇ ಚಾರ್ಜರ್.
ಬುಧವಾರ ಅವನು ಕೆಳಗಿನ ಮೀನಂಗಡಿಯಲ್ಲಿ ಬಿಟ್ಟು ಹೋಗ್ತಾನೆ,
ಶನಿವಾರ ನಾನು.
ಮೀನಿನ ವಾಸನೆ ಹೊಡೆಯುತ್ತೆ ದರಿದ್ರದ್ದು.
ಇನ್ನೊಂದು ಕೊಳ್ಳಬಹುದು, ದುಡ್ಡಿಲ್ಲ ಅಂತಲ್ಲ.

ಹಾಕು, 'ಇತರರ ಪ್ರಭಾವ'ಕ್ಕೇ ಗುರುತು ಹಾಕು.
ಸುಳ್ಳೇನಲ್ಲ.
ಹನ್ನೆರಡನೆಯದು ಏನು, ಓದು.
ತಾಳು ತಾಳು,
ಹತ್ತೂವರೆ ಆಯ್ತು.