ಒಂದಕ್ಕೆ ನೂರು

ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಮೂರನೇ ಮಾಳಿಗೆಯ ತಾರಸಿ ನನ್ನ ಗದ್ದೆ.
ಉದ್ದ ಇಪ್ಪತ್ತೆರಡು ಅಡಿ, ಅಗಲ ಒಂಬತ್ತೂಕಾಲು;
ಟೇಪು ಹಿಡಿದೇ ಹೇಳುತ್ತೇನೆ, ದರ್ಜಿ ನಾನು.

ಪೈಂಟಿನ ಬಕೆಟ್ಟಿನಲ್ಲಿ ಹರಿವೆ,
ತೂತು ಬಿದ್ದ ಕುಕ್ಕರಿನಲ್ಲಿ ಗಾಂಧಾರಿ ಮೆಣಸು,
ಮೀನು ಬಂದಿಳಿವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಸಳೆ.
ಪೆಟ್ಟಿಗೆಯ ಮೈಮೇಲೆ ಇನ್ನೂ 'ಅಯಿಲ, 25 ಕಿಲೋ' ಎಂದಿದೆ.
ಬಸಳೆಗೆ ಓದು ಬಾರದು, ತೊಂದರೆಯಿಲ್ಲ.
ಮಾಲಕ ಮಮ್ಮುಂಞಿ ಹಾಜಿ ಮೊದಲು ಬೈದರು:
ಸ್ಲಾಬು ಸೋರಿದರೆ ನಿನ್ನ ಮಿಶಿನಿನ ಮೇಲೇ ಸೋರುವುದು, ನೋಡು.
ಈಗ ಶುಕ್ರವಾರ ನಮಾಜು ಮುಗಿಸಿ
ಏದುಸಿರು ಬಿಡುತ್ತ ಹತ್ತುತ್ತಾರೆ,
ಬೆಂಡೆ ಎಣಿಸಿ ಇಳಿಯುತ್ತಾರೆ.
ಬಾಡಿಗೆ ಮಾತ್ರ ಇಳಿದಿಲ್ಲ.

ಪಕ್ಕದ ಎಸ್‌ಟಿಡಿ ಬೂತು ಮುಚ್ಚಿ ಹದಿನಾರು ವರ್ಷ.
ಅದರ ಕಂದು ಶಟರಿನ ಮೇಲೆ
ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಚೂರಿನಿಂದ
ಒಂದು ಸೋಮವಾರ ಬರೆದೆ:
'ಅಕ್ಕಿ ತೊಳೆದ ನೀರು ಚೆಲ್ಲಬೇಡಿ. ಚಟ್ಟಿಗೆ ಹೊಯ್ಯಿರಿ.'
ಮಂಗಳವಾರ ಕೆಳಗೆ ಮಲಯಾಳದಲ್ಲಿ ಯಾರದೋ ಕೈ:
'ಹುಳಿಯಬೇಕು. ಎರಡು ದಿನ ಇಡಿ.'
ಬುಧವಾರ ಪೆನ್ಸಿಲಿನಲ್ಲಿ, ಮಗುವಿನ ಅಕ್ಷರ:
'ನಮ್ಮದಕ್ಕೆ ಇರುವೆ ಬಂತು. ಏನು ಮಾಡುವುದು?'

ಹೀಗೆ ಶುರುವಾಯಿತು.
ನಮ್ಮ ಹಾಗಲ, ತುಳುವಿನ ಕಂಚಾಲ್, ಮಲಯಾಳದ ಕೈಪ್ಪಕ್ಕ
ಒಂದೇ ಶಟರಿನ ಮಡಿಕೆಗಳಲ್ಲಿ ಹಬ್ಬಿದವು.
ಬೋರ್ಡಿನ ಅಕ್ಷರಕ್ಕೆ ಜಗಳವಾಡಿದ ಊರು ಇದು.
ಕಹಿಗೆ ಯಾರೂ ಜಗಳವಾಡಲಿಲ್ಲ.

ಕಸಬಾ ಕಡಪ್ಪುರದ ವನಜಕ್ಕ ಬುಟ್ಟಿ ಇಳಿಸಿ
ಎಲ್ಲ ಓದಿಸಿ ಕೇಳಿದಳು, ನಕ್ಕಳು.
ಮತ್ತಿಯ ತಲೆ, ಕರುಳು, ಅಷ್ಟೇ ತೂಕದ ಬೆಲ್ಲ,
ಭರಣಿಯಲ್ಲಿ ಇಪ್ಪತ್ತೊಂದು ದಿನ ಮುಚ್ಚಿಡು.
ಸೋಸಿದರೆ ಜೇನಿನ ಬಣ್ಣ.
ನಾತ ಬಂದರೆ ನಿನಗೆ ಬರಬೇಕು, ಗಿಡಕ್ಕೆ ಮೂಗಿಲ್ಲ.
ಒಂದಕ್ಕೆ ನೂರು ನೀರು, ಮರೀಬೇಡ.

ಬರೆದೆ.
ಮೂವತ್ತು ವರ್ಷ ರವಿಕೆಯ ಅಳತೆ ತಪ್ಪದ ಕೈ.

ತಿಂಗಳು ಕಳೆದು ವಿದ್ಯಾನಗರದ ಸುಗುಣ ಟೀಚರು ಬಂದರು.
ಚೀಲದಿಂದ ಒಂದು ಬದನೆ ಗಿಡ ತೆಗೆದು, ಬೇರುಸಮೇತ,
ಮಿಶಿನಿನ ಮೇಲೆ ಮಲಗಿಸಿದರು.
ಇಸ್ತ್ರಿಗೆ ಅಂಟಿ ಸುಟ್ಟ ನೈಲಾನಿನಂತೆ ಎಲೆಯ ಅಂಚು.
'ಇಂಥವು ಹದಿನಾಲ್ಕು' ಎಂದರು. ಬೇರೇನೂ ಹೇಳಲಿಲ್ಲ.
ಹೊರಗೆ ಹೋಗಿ ನೋಡಿದೆ:
ಒಂದಕ್ಕೆ 10.

ಸೊನ್ನೆ ಶಟರಿನ ಮಡಿಕೆಯೊಳಗೆ ಬಿತ್ತು ಎನ್ನಬಹುದಿತ್ತು.
ಆಟೋದವರು ಒರಗಿ ನಿಲ್ಲುವ ಜಾಗ,
ಯಾರದೋ ತೋಳು ಉಜ್ಜಿತು ಎನ್ನಬಹುದಿತ್ತು.
ಹೌದೇನೋ. ಅಲ್ಲವೇನೋ.
ರವಿಕೆ ಕೆಟ್ಟರೆ ಬಿಚ್ಚಿ ಹೊಲಿಯುತ್ತೇನೆ,
ಒಬ್ಬಳಿಗೆ ಮಾತ್ರ ಗೊತ್ತು.
ಇದು ಬೀದಿಗೆ ಹೊಲಿದ ಅಂಗಿ,
ಯಾರ್ಯಾರು ತೊಟ್ಟರೋ.

ಒದ್ದೆ ಬಟ್ಟೆ ಹಿಡಿದು ನಿಂತವನು ಒರೆಸಲಿಲ್ಲ.
ಅದರ ಮೇಲೆ ಒಂದೇ ಗೆರೆ, ಓದಲು ಬರುವಂತೆ,
ಕೆಳಗೆ: '100. ಮೊದಲು ಬರೆದದ್ದು ತಪ್ಪು.
ಬರೆದವನು ದರ್ಜಿ ಐತಪ್ಪ.
ಗಿಡ ಸತ್ತವರು ಬನ್ನಿ, ಸಸಿ ಕೊಡುತ್ತೇನೆ.'

ಮೂರು ದಿನ ಯಾರೂ ಬರಲಿಲ್ಲ.
ಕಾಜಾ ಬಿಟ್ಟು ಬೇರೇನೂ ಹೊಲಿಯಲಾಗಲಿಲ್ಲ.
ವನಜಕ್ಕ ಹಾದುಹೋಗುತ್ತ,
ಪುಣ್ಯಕ್ಕೆ ನನ್ನ ಹೆಸರು ಹಾಕಲಿಲ್ಲ ನೀನು, ಅಂದಳು.
ನಾಲ್ಕನೇ ದಿನ ಇಬ್ಬರು. ಆಮೇಲೆ ಆಟೋದ ಇರ್ಷಾದ್:
'ನನ್ನದು ಸಾಯಲಿಲ್ಲ. ಆದರೂ ಒಂದು ಕೊಡಿ.'
ಜಾಕೀಟಿನ ಚೂರುಬಟ್ಟೆಯಲ್ಲಿ ಬೇರು ಸುತ್ತಿ ಕೊಟ್ಟೆ.

ಆ ರಾತ್ರಿ ಅಂಗಡಿ ಮುಚ್ಚುವಾಗ
ನನ್ನ ತಪ್ಪಿನ ಕೆಳಗೆ ಬೇರೆ ಬೇರೆ ಕೈಗಳು:
'ಬೇವಿನ ಹಿಂಡಿ ಹೆಚ್ಚಾಗಿ ನಾನೂ ಕೊಂದಿದ್ದೇನೆ, ಐದು ಟೊಮೆಟೊ.'
'ನಾನು ನಡುಮಧ್ಯಾಹ್ನ ನೀರು ಹಾಕಿ.'
'ನಾನು ಹಾಕದೆ. ಮದುವೆಗೆ ಹೋಗಿದ್ದೆ.'
ಎಲ್ಲಕ್ಕಿಂತ ಮೇಲೆ, ಬಿಳಿ ಸೀಮೆಸುಣ್ಣದಲ್ಲಿ,
ಟೀಚರು ಯಾವಾಗಲೋ ಬಂದು
ನನ್ನ ಎರಡೂ ಸೊನ್ನೆಗಳನ್ನು
ತಿದ್ದಿ ದಪ್ಪ ಮಾಡಿ ಹೋಗಿದ್ದರು.