ನಲವತ್ತೊಂದನೇ ಪುಟದ ಸಮುದ್ರ

ಕೌಲ್ ಬಜಾರಿನ ಶಾಲೆ, ಐದನೇ ತರಗತಿ, ಮೂರನೇ ಪಿರಿಯಡ್ಡು.
ಕೋಟೆ ಗುಡ್ಡದ ಬಂಡೆ ಆಗಲೇ ಕಾದು
ಕಿಟಕಿಯೊಳಗೆ ಉಸಿರು ಬಿಡುತ್ತಿದೆ.
ಗಾದಿಲಿಂಗಮ್ಮ ಎದ್ದು ನಿಂತು ಓದುತ್ತಾಳೆ:
ಒತ್ತಕ್ಷರ ತಪ್ಪುವುದಿಲ್ಲ, ಮಹಾಪ್ರಾಣ ಜಾರುವುದಿಲ್ಲ,
ಮೀನುಗಾರ ದೋಣಿ ಇಳಿಸಿದ, ಗಾಳಿ ಎದ್ದಿತು, ಇರುಳಾಯಿತು,
ಹೆಂಡತಿ ದಂಡೆಯಲ್ಲಿ ದೀಪ ಹಿಡಿದು ಕಾಯುತ್ತಿರಲು ದೋಣಿ ಬಂತು.
ಎಲ್ಲ ಒಂದೇ ಉಸಿರಿಗೆ.

'ದೋಣಿಗೆ ಯಾಕೆ ತಡವಾಯ್ತು?'
ಪುಟ ನೋಡುತ್ತಾಳೆ, ನನ್ನ ನೋಡುತ್ತಾಳೆ,
'ಮತ್ತ ಮೊದಲಿಂದ ಓದ್ಲೇನ್ರೀ?' ಅನ್ನುತ್ತಾಳೆ.

ಇವರ ಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ.
ದಾರ ಮುಗಿದದ್ದು ತಿಳಿಯದೆ ತುಳಿದರೆ ಏನಾಗುತ್ತದೆಂದು
ಇವರಿಗೆ ನಾನು ಹೇಳಬೇಕಿಲ್ಲ:
ಸೂಜಿ ಓಡುತ್ತದೆ, ಸದ್ದು ಸರಿಯಾಗೇ ಇರುತ್ತದೆ,
ಬಟ್ಟೆಯ ಮೇಲೆ ಸಾಲು ತೂತು,
ಎರಡು ಅಂಚು ಮಾತ್ರ ಒಂದನ್ನೊಂದು ಹಿಡಿದಿರುವುದಿಲ್ಲ.

ಪುಸ್ತಕ ಮುಚ್ಚಿ, ಅಂದೆ. ಕಣ್ಣೂ.
ಈ ಸಲ ನಾನು ಓದ್ತೀನಿ, ಏನು ಕಾಣ್ತದೆ ಹೇಳಿ.

ಎರ್ರಿಸ್ವಾಮಿ, ಅಕ್ಷರಕ್ಕೆ ಅಕ್ಷರ ಕೂಡಿಸಲು ಬೆವರುವವನು,
ಮೊದಲು ಕೈಯೆತ್ತಿದ, ಕಣ್ಣು ತೆರೆಯದೆಯೇ.
'ನಮ್ಮ ಪಡಸಾಲಿ ತುಂಬ ಪ್ಯಾಂಟು ಬಿದ್ದಾವ್ರೀ ಟೀಚರ್,
ನೂರು ಡಜನ್. ಫ್ಯಾನಿನ ಗಾಳಿಗೆ ಮ್ಯಾಲಿನವು ಅಲ್ಲಾಡ್ತಾವು.
ನಟ್ಟನಡುವ ತಮ್ಮ ಮಕ್ಕೊಂಡಾನ. ಅವನೇ ದೋಣಿ.'

ಶಾಷಾವಲಿಗೆ ಕಂಡದ್ದು ಮುಂಡ್ರಿಗಿ ಕಡೆಯ ಮೋರಿ:
ಬಟ್ಟೆ ತೊಳೆದ ನೀರು, ನೀಲಿ ಅಂದರೆ ನೀಲಿ.
'ಅದರಾಗ ಮೀನ ಇಲ್ರೀ. ಆ ಮನಿಶಾ ಸುಮ್ನ ಕುಂತಾನ.'
ತರಗತಿ ನಕ್ಕಿತು. ಅವನು ನಗಲಿಲ್ಲ.
'ಅದಕ್ಕ ತಡಾ ಆತ್ರೀ. ಬರಿಗೈಲೆ ಮನಿಗೆ ಹೆಂಗ ಹೋಗ್ತಾನ್ರೀ?'

ಶಿಕ್ಷಕರ ಕೈಪಿಡಿಯ ಉತ್ತರ: ಬಿರುಗಾಳಿಯ ಕಾರಣ.
ಕೈಪಿಡಿಯನ್ನು ಡ್ರಾಯರಿಗೆ ತಳ್ಳಿದೆ.

ಗಾದಿಲಿಂಗಮ್ಮ ಇನ್ನೂ ಕಣ್ಣು ಹಿಂಡುತ್ತಿದ್ದಳು,
ನಿಂಬೆಹಣ್ಣು ಹಿಂಡುವ ಹಾಗೆ.
'ನನಗೇನೂ ಕಾಣವಲ್ದು ಟೀಚರ್. ಕರ್ರಗೈತ್ರೀ, ಅಷ್ಟ.'

ನನಗೂ ಅಷ್ಟೇ.
ಹುಟ್ಟಿದಾಗಿಂದ ರೆಪ್ಪೆಯ ಹಿಂದೆ ಬರೀ ರೆಪ್ಪೆ.
'ಕಣ್ಣಿಗೆ ಕಟ್ಟಿದಂತೆ' ಎಂಬುದನ್ನು ಇಪ್ಪತ್ತೆಂಟು ವರ್ಷ
ನುಡಿಗಟ್ಟು ಅಂತಲೇ ತಿಳಿದಿದ್ದೆ,
ಸ್ವಂತ ವಾಕ್ಯದಲ್ಲಿ ಬಳಸಿ ಪೂರ್ಣ ಅಂಕ ತಗೊಂಡಿದ್ದೆ.
ಆಮೇಲೊಂದು ತರಬೇತಿಯಲ್ಲಿ, ಚಹಾಕ್ಕೆ ಮೊದಲು,
ಕಣ್ಣು ಮುಚ್ಚಿ ಒಂದು ಅಂಜೂರ ನೆನೆಯಿರಿ ಅಂದರು;
ಪಕ್ಕದಲ್ಲಿ ಕೂತ ಸಿರುಗುಪ್ಪದ ಮೇಷ್ಟ್ರು
ತಮ್ಮದರ ಮೇಲೆ ಇರುವೆ ಹರಿಯುತ್ತಿದೆ ಅಂದರು.
ಅವತ್ತು ನಾನು ಚಹಾ ಕುಡಿಯಲಿಲ್ಲ.
ಸತ್ತ ಅವ್ವನ ಮುಖ ನನಗಿರುವುದು ಫೋಟೋದಲ್ಲಿ ಮಾತ್ರ.
ಆದರೆ ಅವಳು ಮೆಣಸಿನಕಾಯಿ ಕುಟ್ಟುವ ಲಯ,
ನಡುವೆ ಸೆರಗಿನಿಂದ ಮೂಗೊರೆಸುವ ಆ ಒಂದು ತಪ್ಪಿದ ಪೆಟ್ಟೂ ಸೇರಿ,
ಈಗ ಬೇಕಾದರೂ ಈ ಮೇಜಿನ ಮೇಲೆ ತಟ್ಟಿ ತೋರಿಸಬಲ್ಲೆ.

ಅದಕ್ಕೇ ಕೇಳಿದೆ: 'ಕಾಣದಿದ್ರೆ ಬಿಡು. ಕೇಳ್ತದಾ?'

ಬಹಳ ಹೊತ್ತು. ಹೊರಗೆ ರೈಲ್ವೆ ಗೇಟು ಬಿತ್ತು, ಎದ್ದಿತು.
'ಮಷೀನು ನಿಂತೈತ್ರೀ,' ಅಂದಳು.
'ಯಾವ ಮಷೀನು?'
'ಅಪ್ಪ ಬರೋದು ತಡ ಆದ್ರ ಅವ್ವ ತುಳಿಯೋದು ಬಿಡ್ತಾಳ್ರೀ.
ಹೊಲಿಯಂಗಿಲ್ಲ, ಮಕ್ಕೊಳ್ಳಂಗಿಲ್ಲ.
ಗಾಡಿ ಸಪ್ಪಳ ಆತಂದ್ರ ಮತ್ತ ಚಾಲು.'
ಆಮೇಲೆ, ಸಣ್ಣ ದನಿಯಲ್ಲಿ:
'ಆಕಿ ದೀಪ ಅಂದ್ರ ಅದನಾ ಟೀಚರ್?'

ಓದು, ಅಂದೆ.
ಈ ಸಲ ತೊದಲಿದಳು, ಎರಡು ಕಡೆ ಹಿಂದಕ್ಕೆ ಹೋದಳು,
'ಗಾಳಿ'ಯ ದೀರ್ಘ ಬೇಕಾದ್ದಕ್ಕಿಂತ ದೀರ್ಘವಾಯಿತು.
ಹೆಂಡತಿ ದಂಡೆಯಲ್ಲಿ ದೀಪ ಹಿಡಿದು ಕಾಯುತ್ತಿರಲು
ಅಲ್ಲಿ ನಿಂತಳು.

ಪುಸ್ತಕದಲ್ಲಿ ಆ ಜಾಗದಲ್ಲಿ ಅಲ್ಪವಿರಾಮವೂ ಇಲ್ಲ.
ನಾನು ತಿದ್ದಲಿಲ್ಲ.
ದೋಣಿ ಬರಲು ಅವಳಿಗೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು
ನಾವು ಮೂವತ್ತೆರಡು ಜನ
ಬೆಂಚಿನ ಮೇಲೆ ಕೂತು ಕಾದೆವು.