ಎಡಗಡೆ ಮೆಟ್ಟಿಲು

ಯಶವಂತಪುರದ ಯಾರ್ಡಿನಿಂದ ಈರುಳ್ಳಿ ವಾಸನೆ
ಕಾಂಪೌಂಡು ಹಾರಿ ಬಂದು ಮೊದಲು ಕೂತಿತ್ತು ಬೆಂಚಿನ ಮೇಲೆ.
ಆಮೇಲೆ ಮಕ್ಕಳು.
ಆರನೇ ತರಗತಿ, ಬಿ ವಿಭಾಗ, ನಲವತ್ತೊಂದು ಜನ.
ಮೂವತ್ತೆಂಟು ಬೆನ್ನುಚೀಲ, ಒಂದು ಅಕ್ಕಿಯ ಕೈಚೀಲ,
ಇಬ್ಬರದು ಬರಿಗೈ.

ಹತ್ತೊಂಬತ್ತು ವರ್ಷ ನೆಲದ ಮೇಲೆ ಕೂತು ಕಲಿಸಿದವಳು ನಾನು.
ನಲಿಕಲಿಯ ಚಾಪೆ, ಮೂಗು ಒರೆಸಿ ಒರೆಸಿ ಬಿರುಸಾದ ಸೆರಗು,
"ಮಿಸ್, ಇವ್ನು ನನ್ನ ರಬ್ಬರ್ ತಿಂದ್ಬಿಟ್ಟ" ಎಂಬ ಮೊಕದ್ದಮೆಗಳು.
ಈಗ ಬಡ್ತಿಯಂತೆ. ದೊಡ್ಡ ಮಕ್ಕಳಿಗೆ ಗಣಿತ.
ಆದೇಶದ ಪ್ರತಿ ಪರ್ಸಿನಲ್ಲಿದೆ, ನಾಲ್ಕು ಮಡಿಕೆಯಾಗಿ.
ಬೆಳಿಗ್ಗೆ ತಪ್ಪು ಮೆಟ್ಟಿಲು ಹತ್ತಿ
ಬಿಸಿಯೂಟದ ಉಗ್ರಾಣದ ಮುಂದೆ ನಿಂತಿದ್ದೆ,
ಚಾಕ್‌ಪೀಸು, ಡಸ್ಟರು ಹಿಡಿದು, ಅಕ್ಕಿ ಮೂಟೆಗಳ ಎದುರು.
ಯಾರಿಗೂ ಹೇಳಿರಲಿಲ್ಲ.

ಮೂರನೇ ಬೆಂಚಿನಲ್ಲಿ ಕದಿರವನ್.
ಮತ್ತಿಕೆರೆಯ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ನನ್ನವನು,
ಜ್ವರ ಬಂದಾಗ ಈ ಮಡಿಲಲ್ಲೇ ಮಲಗಿದ್ದವನು.
ಈಗ ನನ್ನ ಭುಜದೆತ್ತರ. ಕಂಡೂ ಕಾಣದ ಹಾಗೆ
ಕಿಟಕಿಯಾಚೆ ಮೆಟ್ರೋ ಎಣಿಸುತ್ತಿದ್ದ.
ಸರಿ, ಇರಲಿ ಅಂದುಕೊಂಡೆ. ಇರಲಿ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಜರಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು.
ಸಾಬಮ್ಮ ಎದ್ದಳು, ಅಕ್ಕಿಯ ಚೀಲ ಹೆಗಲಿಗೇರಿಸಿ ಬಾಗಿಲಿಗೆ ನಡೆದಳು.
"ಎಲ್ಲಿಗಮ್ಮಾ?"
"ಗಂಟಿ ಆತಲ್ರೀ. ಮನಿಗೆ."
ತರಗತಿ ನಕ್ಕಿತು. ಹಿಂದಿನ ಬೆಂಚು ಬೇಕೆಂದೇ ಇನ್ನಷ್ಟು.
ಯಾದಗಿರಿ ಕಡೆಯ ಅವಳ ಶಾಲೆಗೆ ಒಬ್ಬರೇ ಮಾಸ್ತರು,
ದಿನಕ್ಕೆ ಎರಡೇ ಗಂಟೆ:
ಬರಲಿಕ್ಕೊಂದು, ಹೋಗಲಿಕ್ಕೊಂದು.
ಇಲ್ಲಿ ಎಂಟು. ಒಂದೊಂದು ಗಂಟೆಗೂ
ಬೇರೆ ಪುಸ್ತಕ, ಬೇರೆ ಮುಖ, ಬೇರೆ ಬೇರೆ ಸಿಟ್ಟು.

ಎರಡನೇ ಪೀರಿಯಡ್ಡು ಹಿಂದಿ. ಹಿಂದಿಯವರು ಇನ್ನೂ ನೇಮಕವಾಗಿಲ್ಲ.
ಪುಸ್ತಕ ಮುಚ್ಚಿದೆ. "ಏಳಿ ಎಲ್ಲರೂ. ತಿರುಗಾಡಿ ಬರೋಣ."

ಇದು ನಲ್ಲಿ. ಜೋರಾಗಿ ತಿರುಗಿಸಿದರೆ ಕೈಗೇ ಬರುತ್ತದೆ.
ಇದು ಪ್ರಯೋಗಾಲಯ. ಅಸ್ಥಿಪಂಜರ ಪ್ಲಾಸ್ಟಿಕ್ಕು,
ಕೈಕುಲುಕಬಹುದು, ಈ ಸಲ ಮಾತ್ರ.
ಇದು ಹುಡುಗಿಯರದು. ಚಿಲಕ ಬೀಳುವುದಿಲ್ಲ,
ಗೆಳತಿಯೊಬ್ಬಳು ಹೊರಗೆ ನಿಲ್ಲಬೇಕು.
ಗೆಳತಿ ಇಲ್ಲವೇ? ಇವತ್ತೇ ಮಾಡಿಕೊಳ್ಳಿ,
ಅದೇ ಹೋಂವರ್ಕು.
ಎಂಟನೇಯವರು ಓಡಿ ಬಂದರೆ ಗೋಡೆಗೆ ಒರಗಿ ನಿಲ್ಲಿ,
ಅವರೂ ಹೆದರಿಯೇ ಓಡುವುದು.
ಇದು ಮೆಟ್ಟಿಲು. ಎಡಗಡೆಯದು ನಮಗೆ,
ಬಲಗಡೆಯದು ಅಕ್ಕಿಗೆ.

"ನಿಮಗೆ ಹೇಗೆ ಗೊತ್ತು ಮಿಸ್, ನೀವೂ ಹೊಸಬರಲ್ವಾ?"
ಯಾರೋ ಕೇಳಿದರು, ಸಾಲಿನ ನಡುವಿನಿಂದ.
ಹೇಳಿಬಿಟ್ಟೆ. ಚಾಕ್‌ಪೀಸು, ಡಸ್ಟರು, ಮೂಟೆಗಳು, ಎಲ್ಲ.
ಮೂಟೆಗಳಿಗೆ "ಗುಡ್ ಮಾರ್ನಿಂಗ್" ಅಂದದ್ದನ್ನು ಮಾತ್ರ
ಆಗಲೇ ಸೇರಿಸಿದ್ದು.
ಈ ಸಲ ನಗುವಿನಲ್ಲಿ ಸಾಬಮ್ಮನೂ ಇದ್ದಳು,
ಬಾಯಿಗೆ ಚೀಲ ಅಡ್ಡ ಹಿಡಿದು.

ಎಂಟನೇ ಗಂಟೆ ಹೊಡೆದಾಗ ಯಾರೂ ಏಳಲಿಲ್ಲ.
ಎಲ್ಲರ ಕಣ್ಣೂ ಅವಳ ಮೇಲೆ, ಅವಳ ಕಣ್ಣು ನನ್ನ ಮೇಲೆ.
"ಈಗ್ರೀ?"
"ಈಗ."

ಮರುದಿನ ಬೆಳಿಗ್ಗೆ ಸಣ್ಣ ಜಡಿಮಳೆ, ಕಾರಿಡಾರಿನ ತುಂಬ ಕೆಸರುಗಾಲು.
ಬಲಗಡೆ ಮೆಟ್ಟಿಲ ಪಕ್ಕದ ಗೋಡೆಗೆ
ಸೊಂಟದೆತ್ತರದಲ್ಲಿ ಸೀಮೆಸುಣ್ಣದ ಬರಹ:
ಅಕ್ಕಿ ಮಾತ್ರ.
ಕಕಾರದ ಒತ್ತು ಬಾಲ ಎಳೆದುಕೊಂಡು ಬಲಕ್ಕೆ ವಾಲಿತ್ತು.
ಬೆರಳು ಹಿಡಿದು ನೂರು ಸಲ ತಿದ್ದಿಸಿದ್ದೆ ಆ ಒತ್ತನ್ನು,
ಮತ್ತಿಕೆರೆಯಲ್ಲಿ, ಚಾಪೆಯ ಮೇಲೆ.
ಇನ್ನೂ ನೆಟ್ಟಗಾಗಿಲ್ಲ.